ಆಲ್ಟ್ ಟೆಕ್ಸ್ಟ್ ಎಂಬ ಖಾಲಿ ಪೆಟ್ಟಿಗೆ

ಕಳಸದ ಹತ್ತಿರ ನಮ್ಮ ಮಾವನ ಹೋಂಸ್ಟೇ ಇದೆ. "ಬೆಂಗಳೂರಲ್ಲಿ ದಿನಾ ಕಂಪ್ಯೂಟರ್ ಮುಂದೇನೇ ಕೂತಿರ್ತೀಯಲ್ಲ, ನಮ್ಗೂ ಒಂದು ವೆಬ್‌ಸೈಟ್ ಮಾಡ್ಕೊಡೋ" ಅಂದರು. ವರ್ಡ್‌ಪ್ರೆಸ್ ತೆರೆದು ಕೂತೆ. ಈಗ ಅದೇನು ಕಷ್ಟದ ಕೆಲಸವಲ್ಲ. ಪ್ಲಸ್ ಒತ್ತಿ, ಇಮೇಜ್ ಬ್ಲಾಕ್ ಆರಿಸಿ, ಫೋಟೋ ಅಪ್‌ಲೋಡ್ ಮಾಡಿದರೆ ಮುಗೀತು.

ಮೊದಲ ಪುಟಕ್ಕೆ ಫೋಟೋ ರೆಡಿ ಇತ್ತು. ಜನವರಿಯಲ್ಲಿ ರೊಬಸ್ಟಾ ಕೊಯ್ಲಿನ ಹೊತ್ತಲ್ಲಿ ನಾನೇ ತೆಗೆದದ್ದು. ಸೀರೆಯ ಮೇಲೆ ಗಂಡಸರ ಹಳೇ ಶರ್ಟು, ತಲೆಗೆ ವಸ್ತ್ರ, ಸೊಂಟಕ್ಕೆ ಕಟ್ಟಿದ ಚೀಲ, ಬೊಗಸೆ ತುಂಬ ಕೆಂಪು ಹಣ್ಣು, ಮುಖದ ತುಂಬ ನಗು.

ಪಕ್ಕದಲ್ಲಿ ಆಲ್ಟ್ ಟೆಕ್ಸ್ಟ್ ಅಂತ ಒಂದು ಖಾಲಿ ಪೆಟ್ಟಿಗೆ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದರಲ್ಲಿ ಬರೆದದ್ದನ್ನೇ. ನೆಟ್‌ವರ್ಕ್ ಕೈಕೊಟ್ಟು ಚಿತ್ರ ಬರದಿದ್ದರೆ ಕಾಣುವುದೂ ಅದೇ. 1995ರ ಎಚ್‌ಟಿಎಂಎಲ್ 2.0 ಕಾಲದಿಂದಲೂ ಇದೆ, ನಮ್ಮಲ್ಲಿ ಹೆಚ್ಚಿನವರು ತುಂಬುವುದಿಲ್ಲ, ಅಷ್ಟೇ. ನಾನು ತುಂಬಿದೆ: "ನಗುನಗುತ್ತಾ ಕಾಫಿ ಹಣ್ಣು ಕೊಯ್ಯುತ್ತಿರುವ ಮಹಿಳೆ."

ಓದಿದಾಗ ಇರುಸುಮುರುಸಾಯ್ತು. ಫೋಟೋ ಸುಮ್ಮನೆ ಇದ್ದಾಗ ಅಡಗಿದ್ದ ಸುಳ್ಳು ವಾಕ್ಯವಾದ ಕೂಡಲೇ ಎದ್ದು ಕೂತಿತ್ತು. ಅವರು ನಗುನಗುತ್ತಾ ಕೊಯ್ಯುತ್ತಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಅತ್ತೆ "ನಗೇ ಮಾರಾಯ್ತಿ, ಫೋಟೋ ತೆಗೀತಿದಾನೆ" ಅಂದದ್ದಕ್ಕೆ ನಕ್ಕಿದ್ದರು.

ಸರಿ, ಕೇಳಿಬಿಡೋಣ ಅಂತ ಅತ್ತೆಗೆ ಫೋನ್ ಮಾಡಿದೆ. ಅತ್ತೆ ಫೋನನ್ನು ಅವರ ಕೈಗೇ ಕೊಟ್ಟರು.

"ಹಾಕ್ಕೊಳಿ ಅಣ್ಣ, ಅದ್ಕೇನಂತೆ."

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು ಅನ್ನುತ್ತದೆ. ಆದರೆ ಅವರು ಇರುವುದು ಮಾವನ ಲೈನ್ ಮನೆಯಲ್ಲಿ. ಸಂಜೆ ಅವರ ಚೀಲ ತೂಗುವುದು ಮಾವನ ತಕ್ಕಡಿ. ಕಿವಿಗಿಟ್ಟುಕೊಂಡ ಫೋನು ಅತ್ತೆಯದು. "ಬೇಡ" ಅನ್ನುವ ಪದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮೂಡಿಗೆರೆಯ ತೇಜಸ್ವಿಯವರು ಹಕ್ಕಿಗಳ ಫೋಟೋ ತೆಗೆಯುತ್ತಿದ್ದರಲ್ಲ, ಹಕ್ಕಿಗಾದರೆ ಬೇಡವಾದರೆ ಪುರ್ರನೆ ಹಾರಿಹೋಗುವ ಸ್ವಾತಂತ್ರ್ಯ ಇರುತ್ತೆ.

ಇಡಬೇಕು ಅನ್ನುವಷ್ಟರಲ್ಲಿ ಅವರೇ ಅಂದರು: "ಅಣ್ಣ, ಆ ಹರ್ಕು ಶರ್ಟಿಂದು ಚೆನ್ನಾಗಿ ಬಂದಿರಲ್ಲ. ಒಳ್ಳೇ ಸೀರೆ ಉಟ್ಟಾಗ ಒಂದು ತೆಗೀರಿ."

ನನಗದು "ಬೇಡ" ಅಂತಲೇ ಕೇಳಿಸಿತು. ತಪ್ಪು ಕೇಳಿಸಿರಬಹುದು, ಆದರೆ ಡಿಲೀಟ್ ಮಾಡಿದೆ.

ಆಮೇಲೆ ಪುಟ ನೋಡಿದರೆ ಇನ್ನೊಂದು ತರಹದ ಮುಜುಗರ. ಮಂಜು ಮುಸುಕಿದ ಗುಡ್ಡ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಹಬೆಯಾಡುವ ಕಾಫಿ ಲೋಟ. ಗಿಡದಿಂದ ಕಾಫಿ ತಾನೇ ಲೋಟಕ್ಕೆ ಹಾರಿಬಂದ ಹಾಗೆ! ಒಬ್ಬರ ಮುಖವನ್ನು ಮಾರಬಾರದು ಅಂತ ಹೊರಟು ಅಷ್ಟೂ ಜನರನ್ನು ತೋಟದಿಂದಲೇ ಅಳಿಸಿಹಾಕಿದ್ದೆ. "ಸ್ಟಾಕ್ ಫೋಟೋ ಹಾಕೋ, ಲೈಸೆನ್ಸ್ ಕ್ಲಿಯರ್ ಇರುತ್ತೆ" ಅಂದ ಆಫೀಸಿನ ಗೆಳೆಯ. ಯಾವುದೋ ದೇಶದ ತೋಟದಲ್ಲಿ ಯಾರೋ ನಗುವುದನ್ನು ತಂದು ಕಳಸ ಅನ್ನುವುದು. ಅವರಿಗೆ "ನಗೇ" ಅಂದವರು ಯಾರೋ.

ಶಿವರಾತ್ರಿಗೆ ಹೋದಾಗ ಅವರ ಮನೆ ಮುಂದೆ, ಹಸಿರು ರೇಷ್ಮೆ ಸೀರೆಯಲ್ಲಿ ಫೋಟೋ ತೆಗೆದೆ. ನಗು ಅಂತ ಯಾರೂ ಹೇಳಲಿಲ್ಲ. ಅವರು ನಗಲೂ ಇಲ್ಲ, ಗಂಭೀರವಾಗಿ ನಿಂತರು. ಮಗಳ ವಾಟ್ಸಾಪ್‌ಗೆ ಕಳಿಸಿ, ನನ್ನ ಫೋನಿಂದ ತೆಗೆದುಹಾಕಿದೆ. ವೆಬ್‌ಸೈಟ್ ವಿಷಯ ನಾನು ಎತ್ತಲಿಲ್ಲ.

ಪುಟದ ಮೇಲೆ ಈಗ ಜನವರಿಯದೇ ಇನ್ನೊಂದು ಫೋಟೋ ಇದೆ. ಅದರ ಆಲ್ಟ್ ಟೆಕ್ಸ್ಟ್: "ಸಂಜೆ ತೂಕಕ್ಕೆ ಇಟ್ಟ ಕಾಫಿ ಹಣ್ಣಿನ ಚೀಲಗಳು. ಕೊಯ್ದವರು ಬೆನ್ನು ತಿರುಗಿಸಿ ಸಾಲಾಗಿ ನಿಂತಿದ್ದಾರೆ."

ಮಾವ ನೋಡಿ, "ಗೋಣಿಚೀಲ ನೋಡೋಕೆ ಬೆಂಗಳೂರಿಂದ ಯಾರೋ ಬರ್ತಾರೆ?" ಅಂದರು. ಬದಲಾಯಿಸು ಅಂತ ವಾರಕ್ಕೊಂದು ಮೆಸೇಜ್ ಬರ್ತಾ ಇದೆ.