ಟೈ ಬೇಡವೆಂದ ಕೋಚ್

1984ರ ಜನವರಿ 2ರ ರಾತ್ರಿ ಆರೆಂಜ್ ಬೌಲ್ ಪಂದ್ಯಕ್ಕೆ ಇಳಿದಾಗ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಸೋಲಬಹುದೆಂದು ನಂಬಿದವರು ಕಡಿಮೆ. ಆ ಋತುವಿನ 12 ಪಂದ್ಯಗಳನ್ನೂ ಅದು ಗೆದ್ದಿತ್ತು. ಪಂದ್ಯಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಂಕ ಗಳಿಸಿತ್ತು. ಕಾಲೇಜು ಆಟದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು ಆ ಋತುವಿನಲ್ಲಿ ಪಡೆದ ಮೈಕ್ ರೋಜಿಯರ್ ಅದೇ ತಂಡದವನು. ಎದುರಾಳಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಇದ್ದ ದೊಡ್ಡ ಅನುಕೂಲವೆಂದರೆ ತವರಿನ ಮೈದಾನ.

ಮಯಾಮಿ ಆರಂಭದಲ್ಲೇ 17-0 ಮುಂದೆ ಹೋಯಿತು. ನೆಬ್ರಾಸ್ಕಾ ಸಮ ಮಾಡಿಕೊಂಡಿತು. ಮತ್ತೆ ಮಯಾಮಿ 31-17. ಅಷ್ಟರಲ್ಲಿ ರೋಜಿಯರ್ ಕಾಲಿಗೆ ಪೆಟ್ಟಾಗಿ ಹೊರಗೆ ಕೂತಿದ್ದ. ಅವನ ಬದಲು ಬಂದ ಜೆಫ್ ಸ್ಮಿತ್ ಕೊನೆಯ ಅವಧಿಯಲ್ಲಿ ಎರಡು ಟಚ್‌ಡೌನ್ ಗಳಿಸಿದ. ಎರಡನೆಯದು ಬಂದಾಗ ಉಳಿದಿದ್ದು 48 ಸೆಕೆಂಡ್, ಅಂಕ 31-30.

ಚೆಂಡನ್ನು ಎದುರಾಳಿಯ ಗೆರೆ ದಾಟಿಸುವ ಟಚ್‌ಡೌನಿಗೆ 6 ಅಂಕ. ಅದರ ಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ 1, ಅದು ಬಹುಮಟ್ಟಿಗೆ ಖಾತ್ರಿ. ಮೂರು ಗಜದಾಚೆಯಿಂದ ಮತ್ತೊಮ್ಮೆ ಗೆರೆ ದಾಟಿಸಿದರೆ 2. ಆಗಿನ ಕಾಲೇಜು ಆಟದಲ್ಲಿ ಹೆಚ್ಚುವರಿ ಸಮಯವಿರಲಿಲ್ಲ. ಚಾಂಪಿಯನ್ ಯಾರೆಂದು ಮತ ಹಾಕಿ ನಿರ್ಧರಿಸುತ್ತಿದ್ದರು. ಸುಮ್ಮನೆ ಒದ್ದು ಟೈ ಮಾಡಿಕೊಂಡಿದ್ದರೂ, ಸೋಲನ್ನೇ ಕಾಣದ ನೆಬ್ರಾಸ್ಕಾಕ್ಕೇ ಮತ ಬೀಳುತ್ತಿತ್ತೆಂಬುದು ಬಹುಜನರ ಅಂದಾಜು. ಕೋಚ್ ಟಾಮ್ ಓಸ್ಬರ್ನ್ 1973ರಿಂದ ಆ ಹುದ್ದೆಯಲ್ಲಿದ್ದರೂ ರಾಷ್ಟ್ರೀಯ ಕಿರೀಟ ಒಮ್ಮೆಯೂ ಕೈಗೆ ಸಿಕ್ಕಿರಲಿಲ್ಲ. ಅವರು ಎರಡಂಕಕ್ಕೇ ಹೊರಟರು. ನೆಬ್ರಾಸ್ಕಾದ ಕ್ವಾರ್ಟರ್‌ಬ್ಯಾಕ್ ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಕೆನ್ ಕ್ಯಾಲ್ಹೂನ್ ಕೈ ತಾಗಿಸಿದ. ಸ್ಮಿತ್‌ಗೆ ಅದು ದಕ್ಕಲಿಲ್ಲ. ಮಯಾಮಿ ಚಾಂಪಿಯನ್ ಆಯಿತು.

ಈ ಆಯ್ಕೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. 1966ರಲ್ಲಿ ನಾಟರ್ ಡೇಮ್ ತಂಡದ ಕೋಚ್ ಆರಾ ಪಾರ್ಸೇಗಿಯನ್ ಇದಕ್ಕೆ ತದ್ವಿರುದ್ಧವಾಗಿ ನಡೆದಿದ್ದರು. ಮಿಷಿಗನ್ ಸ್ಟೇಟ್ ಎದುರು 10-10 ಇದ್ದಾಗ ಕೊನೆಯ ನಿಮಿಷವನ್ನು ಚೆಂಡು ಹಿಡಿದುಕೊಂಡೇ ಕಳೆದರು. ಕಿರೀಟವೂ ಬಂತು, ಜೀವಮಾನವಿಡೀ ಆ ಟೈ ಕುರಿತ ಪ್ರಶ್ನೆಗಳೂ ಬೆನ್ನುಹತ್ತಿದವು. ಅವರನ್ನು ಹೇಡಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ಆಟಗಾರರು ವರ್ಷವಿಡೀ ಕೂಡಿಟ್ಟದ್ದನ್ನು ಪಣಕ್ಕಿಡಬಾರದೆಂದು ಅವರಿಗೆ ಅನ್ನಿಸಿದ್ದರೆ ಅದಕ್ಕೂ ಒಂದು ನ್ಯಾಯವಿದೆ. ಆದರೆ ಹಿಂಬಾಗಿಲಿನಿಂದ ಬಂದ ಕಿರೀಟ ತನ್ನ ಹುಡುಗರಿಗೆ ರುಚಿಸದು ಎಂಬುದು ಓಸ್ಬರ್ನ್ ಅವರ ಭಾವನೆಯಾಗಿತ್ತು. ಮಣ್ಣಿನಲ್ಲಿ ಬಿದ್ದೆದ್ದವರು ಆ ಹುಡುಗರು. ಅವರ ಮನಸ್ಸನ್ನು ಅರಿತು ತೀರ್ಮಾನಿಸಿದ ಕೋಚ್ ತನ್ನ ಹೆಸರಿಗಾಗಿ ಜೂಜಾಡಿದ ಎನ್ನಲಾಗದು.

ಹಾಗಿದ್ದರೂ ಈ ಪ್ರಕರಣದಲ್ಲಿ ಒಂದು ತಪ್ಪಿದೆ. ಅದು ಆ 48 ಸೆಕೆಂಡುಗಳಲ್ಲಿಲ್ಲ, ಸ್ಮಿತ್ ಗಳಿಸಿದ ಮೊದಲ ಟಚ್‌ಡೌನಿನ ಬೆನ್ನಿಗೇ ಇದೆ. ಆಗ ಅಂಕ 31-23. ಓಸ್ಬರ್ನ್ ಚೆಂಡನ್ನು ಒದೆಸಿ 31-24 ಮಾಡಿಕೊಂಡರು. ಹೇಗೂ ಗೆಲುವಿಗೇ ಆಡುವವರು ಎರಡಂಕದ ಪ್ರಯತ್ನವನ್ನು ಆಗಲೇ ಮಾಡಬಹುದಿತ್ತು. ಅದು ಫಲಿಸಿದ್ದರೆ 31-25. ಎರಡನೇ ಟಚ್‌ಡೌನ್ ಮೇಲೆ ಒಂದು ಸಾದಾ ಒದೆತದಿಂದಲೇ 32-31ರ ಗೆಲುವು. ಫಲಿಸದಿದ್ದರೂ ಕೊನೆಗೆ ಮತ್ತೊಂದು ಎರಡಂಕದ ಯತ್ನದಿಂದ 31-31 ತಲುಪುವ ದಾರಿ ಉಳಿಯುತ್ತಿತ್ತು. ಇಂಥ ಯತ್ನ ಅರ್ಧಕ್ಕರ್ಧ ಸಫಲವಾಗುತ್ತದೆಂದು ಇಟ್ಟುಕೊಂಡರೆ, ಓಸ್ಬರ್ನ್ ಹಿಡಿದ ದಾರಿಯಲ್ಲಿ ಗೆಲುವು ಅರ್ಧ, ಸೋಲು ಅರ್ಧ. ಇನ್ನೊಂದು ದಾರಿಯಲ್ಲಿ ಗೆಲುವು ಅಷ್ಟೇ ಅರ್ಧ, ಟೈ ಕಾಲು ಪಾಲು, ಸೋಲೂ ಕಾಲೇ ಪಾಲು.

ಆ ಕಾಲದ ಕೋಚ್‌ಗಳಲ್ಲಿ ಈ ಲೆಕ್ಕ ರೂಢಿಯಲ್ಲಿರಲಿಲ್ಲ. ಮೊದಲು ಒದೆಯುವುದು, ಇಕ್ಕಟ್ಟು ಬಂದಾಗ ಯೋಚಿಸುವುದು ಎಂಬುದೇ ಪದ್ಧತಿ. ಆದ್ದರಿಂದ ಓಸ್ಬರ್ನ್ ಅವರೊಬ್ಬರನ್ನೇ ದೂರಲಾರೆ. ಆದರೆ ಅವರನ್ನು ಹೊಗಳಿದವರೂ ತೆಗಳಿದವರೂ ಹೆಚ್ಚಾಗಿ ಆ ಕೊನೆಯ ಎಸೆತವನ್ನೇ ಹಿಡಿದು ವಾದಿಸಿದ್ದಾರೆ. ಗಡಿಯಾರದಲ್ಲಿ ಇನ್ನೂ ನಿಮಿಷಗಳಿದ್ದಾಗ, ಯಾರ ಎದೆಯೂ ಢವಗುಟ್ಟದೆ ಇದ್ದಾಗ ನಡೆದುಹೋದ ಆ ಸಾದಾ ಒದೆತವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರಿಶೀಲಿಸಬೇಕಿತ್ತು.