ಕಾಯಕವೂ ಕೈಯ ಸಾಧನವೂ



ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಅನೇಕರು ತಮ್ಮ ಕಾಯಕದಿಂದಲೇ ಹೆಸರಾದವರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ ಎಂದೊಡನೆ ದುಡಿಯುವ ಕೈಗಳು ಕಣ್ಮುಂದೆ ನಿಲ್ಲುವುವು. ಕಾಯದಿಂದ ನಡೆಯುವುದೇ ಕಾಯಕ. ಹೀಗಿರಲು ಕಾಯವನ್ನೇ ಕೆಡಿಸುವಂತೆ ದುಡಿಸಿಕೊಳ್ಳುವುದು ಈ ತತ್ತ್ವಕ್ಕೆ ಒಪ್ಪುವುದೇ? ಮನೆ ಕಟ್ಟಿಸುವ ಪ್ರತಿಯೊಬ್ಬ ಗೃಹಸ್ಥನೂ ಇದನ್ನು ವಿಚಾರಿಸತಕ್ಕದ್ದು.

ತಾರಸಿ ಹಾಕುವ ಮುನ್ನ ಕಬ್ಬಿಣದ ಸರಳುಗಳನ್ನು ಅಡ್ಡಡ್ಡಲಾಗಿ ಹಾಸಿ, ಅವು ಕೂಡುವೆಡೆಗಳನ್ನು ತಂತಿಯಿಂದ ಬಿಗಿಯುವರು. ಕೆಲಸಗಾರನು ನಡು ಬಗ್ಗಿಸಿ, ಇಕ್ಕಳವನ್ನೋ ಕೊಕ್ಕೆಯನ್ನೋ ಹಿಡಿದು, ಬೆಳಗಿನಿಂದ ಬೈಗಿನವರೆಗೆ ಮಣಿಕಟ್ಟನ್ನು ತಿರುಚುತ್ತಲೇ ಇರುವನು. ಒಂದು ತಿರುಚಿನಿಂದ ಬಾಧೆಯಿಲ್ಲ. ಅದೇ ತಿರುಚು ದಿನದಿನವೂ ಲೆಕ್ಕವಿಲ್ಲದಷ್ಟಾದರೆ ಸ್ನಾಯುರಜ್ಜುಗಳು ಊದಿಕೊಳ್ಳುವುವು. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಸಾಗುವ ನರವು ಅದುಮಿ ಬೆರಳುಗಳು ಜೋಮು ಹಿಡಿಯುವುವು. ಕಡೆಗೆ ಹಿಡಿತವೇ ಸಡಿಲುವುದು. ಕೈಯನ್ನೇ ನಂಬಿದ ಸಂಸಾರಕ್ಕೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಕಸುಬಿನಿಂದ ರೋಗವುಂಟಾಗುವುದೆಂಬುದು ಹೊಸ ಮಾತಲ್ಲ. ಇಟಲಿಯ ವೈದ್ಯ ರಾಮಜ್ಜೀನಿಯು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೇ, ರೋಗಿಯ ಕಸುಬು ಯಾವುದೆಂದು ವೈದ್ಯನು ಕೇಳಬೇಕೆಂದು ವಿಧಿಸಿರುವನು.

ಪರಿಹಾರವು ದುಬಾರಿಯಾದುದಲ್ಲ. ಸಾಧನವು ಮಣಿಕಟ್ಟನ್ನು ನೇರವಾಗಿರಗೊಡಬೇಕು. ಬಲವಾಗಿ ಹಿಡಿಯುವ ಸುತ್ತಿಗೆಯಂಥವುಗಳ ಹಿಡಿಯು ಸುಮಾರು 3ರಿಂದ 5 ಸೆಂಟಿಮೀಟರು ದಪ್ಪವಿದ್ದರೆ ಮುಷ್ಟಿಗೆ ಹಿತ. ಉದ್ದವು 10 ಸೆಂಟಿಮೀಟರಿಗೆ ಕಡಿಮೆಯಾದರೆ ಅದರ ತುದಿಯು ಅಂಗೈಯನ್ನು ಒತ್ತುವುದು. ತಾನೇ ತೆರೆದುಕೊಳ್ಳುವ ಸ್ಪ್ರಿಂಗಿನ ಇಕ್ಕಳವು ಬೆರಳುಗಳ ಶ್ರಮವನ್ನು ಉಳಿಸುವುದು. ಅಮೆರಿಕೆಯ ಔದ್ಯೋಗಿಕ ಸುರಕ್ಷತೆಯ ಸರಕಾರಿ ಸಂಸ್ಥೆಯು 2007ರಲ್ಲಿ ಹೊರತಂದ ಕೈಪಿಡಿಯು, ನೆಲಮಟ್ಟದ ಸರಳುಗಳನ್ನು ನಿಂತೇ ಕಟ್ಟಲು ಉದ್ದ ಹಿಡಿಯ ಸಾಧನವನ್ನು ಸೂಚಿಸಿದೆ. ಒಬ್ಬರಿಗೆ ಒಪ್ಪಿದ ಹಿಡಿ ಸಣ್ಣ ಕೈಯ ಹೆಣ್ಣುಮಗಳಿಗೆ ಒಪ್ಪದಿರಬಹುದು. ಆದುದರಿಂದ ಹಿಡಿಯುವವರನ್ನೇ ಕೇಳಿ ಕೊಳ್ಳುವುದು ಲೇಸು. ಎಂಥ ಸಾಧನವಿದ್ದರೂ ನಡುನಡುವೆ ವಿಶ್ರಾಂತಿಯೂ ಕೆಲಸದ ಬದಲಾವಣೆಯೂ ಬೇಕೇ ಬೇಕು.

“ಸಲಕರಣೆಯ ಚಿಂತೆ ಮೇಸ್ತ್ರಿಯದು, ನಮಗೇಕೆ?” ಎನ್ನುವವರುಂಟು. ಕೂಲಿ ತೆತ್ತ ಮಾತ್ರಕ್ಕೆ ಋಣವು ತೀರದು. ಆ ಸೂರಿನ ನೆರಳು ಮೇಸ್ತ್ರಿಗಲ್ಲ, ಮನೆಯವರಿಗೆ. ದೇಹವನ್ನು ದೇವಾಲಯವೆಂದು ನಂಬಿದವರು, ತಮ್ಮ ಮನೆಯನ್ನು ಕಟ್ಟಲು ಪರರ ದೇವಾಲಯವನ್ನು ಕೆಡವಬಹುದೇ? ಗೃಹಪ್ರವೇಶದಂದು ಕೆಲಸಗಾರರಿಗೆ ವಸ್ತ್ರವನ್ನು ಉಡುಗೊರೆ ಮಾಡುವ ಸದ್ಗೃಹಸ್ಥರು, ಪಾಯ ತೆಗೆಯುವ ದಿನವೇ ಅವರ ಕೈಗೊಪ್ಪುವ ಸಾಧನವನ್ನು ಒದಗಿಸಲಿ. ಅದೂ ದಾಸೋಹವೇ ಸರಿ.