ಬೇಡವಾದ ವಸ್ತುವೂ ಪರಿಗ್ರಹವೇ?

ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣದಲ್ಲಿ ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯಗಳೊಡನೆ ‘ಕುಪ್ಯ’ವೆಂಬ ವರ್ಗವೊಂದುಂಟು. ಬಟ್ಟೆಬರೆ, ಪಾತ್ರೆಪಡಗ ಮುಂತಾದ ಗೃಹೋಪಕರಣಗಳು ಅದರಲ್ಲಿ ಅಡಗುತ್ತವೆ. ವ್ರತವನ್ನು ಸ್ವೀಕರಿಸುವ ಗೃಹಸ್ಥನು ಬಂಗಾರದ ತೂಕವನ್ನು ಎಚ್ಚರದಿಂದ ಬರೆದಿಡುತ್ತಾನೆ. ಕುಪ್ಯದ ಲೆಕ್ಕಕ್ಕೆ ಬಂದಾಗ ಮಾತ್ರ ಅವನ ಲೇಖನಿ ಸಡಿಲವಾಗುತ್ತದೆ. ಅಟ್ಟದ ಮೇಲೆ ಏನಿದೆಯೆಂಬುದು ಅವನಿಗೇ ತಿಳಿಯದು. ದಶಲಕ್ಷಣ ಪರ್ವಕ್ಕೆಂದು ಮನೆಯನ್ನು ಶುಚಿಗೊಳಿಸುವಾಗ ಅಲ್ಲಿಂದ ಕೆಳಗಿಳಿಯುವ ವಸ್ತುಗಳಲ್ಲಿ ಈಚಿನ ವರ್ಷಗಳಲ್ಲಿ ಹೊಸದೊಂದು ಸೇರಿದೆ: ಅಂತರ್ಜಾಲದ ರೂಟರ್.

ಇದು ಯಾರೂ ಬಯಸಿ ತಂದ ವಸ್ತುವಲ್ಲ; ಸಂಪರ್ಕದ ಜೊತೆಗೆ ತಾನಾಗಿ ಬಂದದ್ದು. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಸೇವೆ ಆರಂಭವಾದಾಗ ದೂರವಾಣಿಯ ತಾಮ್ರದ ತಂತಿಗೆ ಜೋಡಿಸುವ ಮೋಡೆಮ್ ಮನೆಗಳನ್ನು ಪ್ರವೇಶಿಸಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ತರುವಾಯ ಸುತ್ತಮುತ್ತ ಬಡಾವಣೆಗಳೆದ್ದವು. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಿಗೂ ಆಪ್ಟಿಕಲ್ ಫೈಬರ್ ಬಂದಿತು. ಫೈಬರಿಗೆ ಹಳೆಯ ಮೋಡೆಮ್ ನಿರುಪಯುಕ್ತ. ಒಂದು ಸಂಸ್ಥೆಯನ್ನು ಬಿಟ್ಟು ಮತ್ತೊಂದಕ್ಕೆ ಸೇರಿದರೆ ಮತ್ತೊಂದು ಪೆಟ್ಟಿಗೆ. ತಮ್ಮಲ್ಲಿ ನೋಂದಾಯಿಸಿದ ಯಂತ್ರವನ್ನಷ್ಟೇ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದರಿಂದ ಮೊದಲಿನದು ಮೂಲೆ ಸೇರುತ್ತದೆ. ಹೀಗೆ ಆಸೆಯಿಲ್ಲದ ಮನೆಯಲ್ಲೂ ಎರಡು ಮೂರು ಕೂಡಿಬಿಡುತ್ತವೆ.

ಇಲ್ಲಿ ಶಂಕೆಯೊಂದು ಏಳುತ್ತದೆ. ಉಮಾಸ್ವಾಮಿಗಳು ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮತ್ವಭಾವ, ಎಂದಿದ್ದಾರೆ. ಬೇಡವಾದ ರೂಟರಿನಲ್ಲಿ ಯಾರಿಗೆ ಮಮತ್ವ? ಮಮತ್ವವಿಲ್ಲದ ಮೇಲೆ ಪರಿಗ್ರಹವೆಲ್ಲಿ?

ಈ ವಾದ ಕೇಳಲು ಸೊಗಸಾಗಿದೆ. ಸೋಮಾರಿಗೆ ಇನ್ನೂ ಸೊಗಸು. ಆದರೆ ಮಮತ್ವವಿಲ್ಲದ ವಸ್ತು ಐದು ವರ್ಷ ಮನೆಯಲ್ಲೇ ಉಳಿದದ್ದೇಕೆ? ‘ಇರಲಿ, ಎಂದಾದರೂ ಬೇಕಾದೀತು’ ಎಂಬ ಮಾತು ಮೂರ್ಛೆಯ ಸೂಕ್ಷ್ಮರೂಪವೇ ಆಗಿದೆ. ಆ ಮಾತನ್ನೂ ಆಡದೆ ಸುಮ್ಮನೆ ಮರೆತಿದ್ದರೆ ಅದು ಪ್ರಮಾದ. ಲೋಭಕ್ಕಿಂತ ಪ್ರಮಾದ ಹಗುರವಾದ ದೋಷವೆಂದು ಭಾವಿಸುವವರುಂಟು. ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನೇ ಮುಂದಿಟ್ಟಿರುವುದನ್ನು ಅಂಥವರು ನೆನೆಯಬೇಕು. ಇನ್ನು ಕೆಲವು ಮನೆಗಳಲ್ಲಿ ಈ ಯಂತ್ರವನ್ನು ಗೋಡೆಯಿಂದ ಕೀಳುವುದೂ ಇಲ್ಲ. 6 ವ್ಯಾಟಿನ ಯಂತ್ರವೊಂದು ವರ್ಷವಿಡೀ ಉರಿದರೆ ಸುಮಾರು 52 ಯೂನಿಟ್ ವಿದ್ಯುತ್ತು ಯಾರಿಗೂ ಪ್ರಯೋಜನವಿಲ್ಲದೆ ವ್ಯಯವಾಗುತ್ತದೆ. ಅನರ್ಥದಂಡಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯದು.

ಆದರೆ ಬಿಸಾಡುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಇದು ಯಾರ ವಸ್ತು? ಪೂರ್ಣ ಬೆಲೆ ಕೊಟ್ಟು ಕೊಂಡದ್ದಾದರೆ ಗೃಹಸ್ಥನದು. ‘ಉಚಿತ’ವೆಂದು ಬಂದದ್ದು ಅನೇಕ ವೇಳೆ ಉಚಿತವಲ್ಲ, ಸೇವೆ ನಿಂತೊಡನೆ ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ, ಕೆಲವೊಮ್ಮೆ ಠೇವಣಿ ಪಡೆದು, ಕೊಟ್ಟಿರುತ್ತಾರೆ. ಅಂಥದು ಗೃಹಸ್ಥನ ಕೈಯಲ್ಲಿರುವ ನ್ಯಾಸ. ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ; ಅಚೌರ್ಯದ ಅತಿಚಾರಗಳಲ್ಲಲ್ಲ. ಇದರ ಔಚಿತ್ಯ ಪೂಜ್ಯಪಾದರ ವಿವರಣೆಯಿಂದ ತಿಳಿಯುತ್ತದೆ. ಇಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹಾಗೇ ಆಗಲಿ’ ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರ. ಅಲ್ಲಿ ಕಳವಿಲ್ಲ, ಸುಳ್ಳು ಮಾತೂ ಇಲ್ಲ. ಪರರ ಮರೆವಿಗೆ ಸಮ್ಮತಿ ಮಾತ್ರ ಇದೆ. ಸಂಸ್ಥೆಯವರು ಬಂದು ಒಯ್ಯಲಿಲ್ಲ, ಆದ್ದರಿಂದ ನಮ್ಮದಾಯಿತು ಎನ್ನುವ ಗೃಹಸ್ಥನ ಸ್ಥಿತಿ ಇದೇ. ಎದುರಿಗಿರುವುದು ದೊಡ್ಡ ಸಂಸ್ಥೆ, ಅದಕ್ಕೇನು ನಷ್ಟ ಎಂಬ ಮಾತು ವ್ರತಧಾರಿಗೆ ಸಲ್ಲದು. ಆದುದರಿಂದ ಮೊದಲ ಕರ್ತವ್ಯ ಸಂಸ್ಥೆಗೆ ಬರಹದ ಮೂಲಕ ತಿಳಿಸುವುದು. ಅಡಾಪ್ಟರಿನೊಡನೆ ಯಂತ್ರವನ್ನು ಒಪ್ಪಿಸಿ ರಸೀದಿ ಪಡೆಯುವುದು. ಠೇವಣಿಯಿದ್ದರೆ ಕೇಳಿ ಪಡೆಯುವುದು.

‘ನಮಗೆ ಬೇಡ, ನೀವೇ ಏನಾದರೂ ಮಾಡಿಕೊಳ್ಳಿ’ ಎಂದು ಅವರೇ ಹೇಳಿದರೆ? ಆಗ ವಸ್ತುವಿನೊಡನೆ ಅದರ ಭಾರವೂ ಗೃಹಸ್ಥನದಾಗುತ್ತದೆ.

ಅಟ್ಟದಿಂದಿಳಿಸಿ ಬೀದಿಯ ಕಸಕ್ಕೆ ಹಾಕಿದರೆ ಪರಿಗ್ರಹ ಕಡಿಮೆಯಾಯಿತೆಂದು ಸಮಾಧಾನಪಡುವುದುಂಟು. ಮುನಿಗಳ ಸಮಿತಿಗಳಲ್ಲಿ ಎರಡು ಇಂಥ ಸಂದರ್ಭಕ್ಕೇ ಹೇಳಿದಂತಿವೆ: ಪಿಂಛಿ, ಕಮಂಡಲು, ಶಾಸ್ತ್ರಗಳಷ್ಟೇ ಉಪಕರಣಗಳಾಗಿರುವವರಿಗೂ ವಸ್ತುವನ್ನು ಎತ್ತುವ, ಇಡುವ ನಿಯಮವಿದೆ, ಮಲವಿಸರ್ಜನೆಗೂ ಜೀವರಹಿತ ಸ್ಥಳವನ್ನು ನೋಡಬೇಕೆಂಬ ನಿಯಮವಿದೆ. ಹಾಗಿರುವಾಗ ಗೃಹಸ್ಥನು ಬಿಟ್ಟ ವಸ್ತು ಎಲ್ಲಿ ಬಿತ್ತೆಂದು ನೋಡಬೇಡವೇ? ರೂಟರಿನ ಹೊರಮೈ ಪ್ಲಾಸ್ಟಿಕ್, ಒಳಗೆ ಗಾಜಿನ ನಾರು ಮತ್ತು ರಾಳದಿಂದಾದ ಹಲಗೆ, ತಾಮ್ರ, ತವರದ ಬೆಸುಗೆ. ಸೀಸ ಮೊದಲಾದ ವಿಷವಸ್ತುಗಳಿಗೆ ಭಾರತದ ನಿಯಮಗಳು ಮಿತಿ ಹಾಕಿದ್ದು 2014ರಿಂದ. ಅದಕ್ಕೂ ಮುಂಚಿನ ಮೋಡೆಮ್ಮುಗಳ ಬೆಸುಗೆಯಲ್ಲಿ ಸೀಸ ಹೆಚ್ಚಿರುವ ಸಂಭವವುಂಟು. ಗುಜರಿಗೆ ಹೋದ ತಂತಿಯನ್ನು ತಾಮ್ರಕ್ಕಾಗಿ ಬಯಲಿನಲ್ಲಿ ಸುಟ್ಟರೆ ಪಿ.ವಿ.ಸಿ. ಹೊದಿಕೆಯಿಂದ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಸುಡುವವನು ಬಡ ಕೂಲಿಕಾರ. ಸುಡಿಸಿದವನು ಉಪವಾಸದಲ್ಲಿರುವ ಸದ್ಗೃಹಸ್ಥ.

ಬಡ ವಿದ್ಯಾರ್ಥಿಗೆ ದಾನ ಮಾಡಬಾರದೇ ಎಂದು ಕೇಳಬಹುದು. ಯಂತ್ರ ಸ್ವಂತದ್ದಾಗಿ, ಅವನ ಸಂಪರ್ಕಕ್ಕೆ ಒಗ್ಗಿ, ತಯಾರಕರ ಸುರಕ್ಷಾ ಪರಿಷ್ಕರಣೆಗಳು ಇನ್ನೂ ಬರುತ್ತಿದ್ದರೆ ಧಾರಾಳವಾಗಿ ಮಾಡಬಹುದು. ಅದಕ್ಕಿಂತ ಉತ್ತಮ ದಾರಿ ಬೇರಿಲ್ಲ. ಪರಿಷ್ಕರಣೆ ನಿಂತ ಯಂತ್ರದ ಮಾತು ಬೇರೆ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಮೂಲ ಗುಪ್ತಪದವನ್ನು ಬದಲಿಸದ ಕ್ಯಾಮೆರಾ, ರೂಟರ್ ಮೊದಲಾದ ಲಕ್ಷಗಟ್ಟಲೆ ಯಂತ್ರಗಳನ್ನು ವಶಪಡಿಸಿಕೊಂಡಿತು. ಆ ಅಕ್ಟೋಬರಿನಲ್ಲಿ ಅವುಗಳ ದಾಳಿಯಿಂದ ಅಮೆರಿಕದ ಅನೇಕ ಜಾಲಸೇವೆಗಳು ಗಂಟೆಗಟ್ಟಲೆ ಸ್ತಬ್ಧವಾದವು. ಯಂತ್ರಗಳ ಒಡೆಯರಿಗೆ ಇದರ ಸುಳಿವೂ ಇರಲಿಲ್ಲ. ಹಿಂಸಾದಾನವೆಂದು ಸಮಂತಭದ್ರರು ಕೊಡಲಿ, ಕತ್ತಿ, ಬೆಂಕಿಗಳನ್ನು ಹೆಸರಿಸಿದ್ದಾರೆ. ತಿಳಿದೂ ಇಂಥ ಯಂತ್ರವನ್ನು ಕೈದಾಟಿಸುವುದನ್ನು ಅದೇ ಸಾಲಿಗೆ ಸೇರಿಸಿದರೆ ತಪ್ಪಾಗದು. ಕೊಡುವುದಾದರೂ ಹಿಂಬದಿಯ ಸಣ್ಣ ರಂಧ್ರದ ಗುಂಡಿಯನ್ನು ಒತ್ತಿಹಿಡಿದು ಒಳಗಿನ ಗುಪ್ತಪದಗಳನ್ನು ಅಳಿಸಿಯೇ ಕೊಡಬೇಕು.

ಉಳಿದವುಗಳ ದಾರಿ ಜಿಲ್ಲೆಯೊಳಗೇ ಇದೆ. ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ ಪಿ. ಪಾರ್ಥಸಾರಥಿಯವರು 2005ರಲ್ಲಿ ಆರಂಭಿಸಿದ ‘ಇ-ಪರಿಸರ’ವು ಸರ್ಕಾರದ ಅನುಮತಿಯೊಡನೆ ವಿದ್ಯುನ್ಮಾನ ತ್ಯಾಜ್ಯವನ್ನು ಸಂಸ್ಕರಿಸುವ ಘಟಕಗಳಲ್ಲಿ ದೇಶಕ್ಕೇ ಮೊದಲನೆಯದೆಂದು ಹೆಸರಾದದ್ದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪಟ್ಟಿಯಲ್ಲಿ ರೂಟರ್, ಮೋಡೆಮ್‌ಗಳೂ ಇದ್ದು, ನೋಂದಾಯಿತ ಸಂಸ್ಕರಣಕಾರರ ಮೂಲಕವೇ ಅವು ವಿಲೇವಾರಿಯಾಗಬೇಕೆಂಬುದು ಆ ನಿಯಮಗಳ ಆಶಯ. ಅಂಗೈಯಗಲದ ಒಂದು ಪೆಟ್ಟಿಗೆಗಾಗಿ ಹೊಸಕೋಟೆಯಿಂದ ಜಿಲ್ಲೆಯ ಇನ್ನೊಂದು ತುದಿಯ ದಾಬಸ್‌ಪೇಟೆಗೆ ವಾಹನ ಓಡಿಸಿದರೆ ಅದೂ ಆರಂಭದೋಷವೇ ಎಂಬ ಆಕ್ಷೇಪ ನ್ಯಾಯವಾದುದು. ಬಡಾವಣೆಯವರು ಕೂಡಿ, ಪರ್ವಕ್ಕೆ ಮುನ್ನ ಎಲ್ಲ ಮನೆಗಳವನ್ನೂ ಒಂದೆಡೆ ಸೇರಿಸಿ, ವರ್ಷಕ್ಕೊಮ್ಮೆ ಒಂದೇ ವಾಹನದಲ್ಲಿ ಕಳುಹಿದರೆ ಆ ದೋಷ ಬಹಳ ಮಟ್ಟಿಗೆ ಪರಿಹಾರವಾಗುತ್ತದೆ.

ಹಿಂದಕ್ಕೂ ಪಡೆಯದೆ, ಬಿಟ್ಟುಕೊಟ್ಟೆವೆಂದೂ ಹೇಳದೆ, ಪತ್ರಕ್ಕೆ ಉತ್ತರವನ್ನೇ ಕೊಡದ ಸಂಸ್ಥೆಗಳೂ ಉಂಟು. ಅಂಥದರ ಯಂತ್ರವನ್ನು ವಿದ್ಯುತ್ತಿನಿಂದ ಕಳಚಿ, ಪತ್ರದ ತಾರೀಖನ್ನು ಬರೆದ ಚೀಟಿ ಅಂಟಿಸಿ, ಪರಿಮಾಣದ ಪುಸ್ತಕದಲ್ಲಿ ಕುಪ್ಯದ ಕೆಳಗಲ್ಲ, ‘ಪರರ ನ್ಯಾಸ’ವೆಂಬ ಪ್ರತ್ಯೇಕ ಸಾಲಿನಲ್ಲಿ ನಮೂದಿಸಿಡುವುದು ಯುಕ್ತ.